ರಜೆಯ ಬಿಸಿಲು, ಟೂರ್ನಿಯ ಮಕ್ಕಳು

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ನೌಕರರಿಗೂ ಈ ರಿಯಾಯಿತಿ ಉಂಟು. ಅವರು ಮನೆ ಸೇರುವ ಹೊತ್ತಿಗೆ ಊರಾಚೆಯ ಮೈದಾನದಲ್ಲೋ ಬತ್ತಿದ ಕೆರೆಯಂಗಳದಲ್ಲೋ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯ ಇನ್ನೊಂದು ಮ್ಯಾಚಿಗೆ ಟಾಸ್ ನಡೆಯುತ್ತಿರುತ್ತದೆ. ಬಿಸಿಲಿಗೆಂದೇ ಕೊಟ್ಟ ಶಾಲಾ ರಜೆಯನ್ನು ಮಕ್ಕಳು ಬಿಸಿಲಲ್ಲೇ ಕಳೆಯುತ್ತಾರೆ.

ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿಲ್ಲವಲ್ಲ ಎನ್ನುವವರಿದ್ದಾರೆ. ಇಲಾಖೆಯ ಲೆಕ್ಕ ನೋಡಿ: ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ ಮುಟ್ಟಬೇಕು, ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಆಗಷ್ಟೇ ಅದು ಬಿಸಿಗಾಳಿ. ವಾಡಿಕೆಯೇ 39ರ ಆಸುಪಾಸಿನಲ್ಲಿರುವ ಸೀಮೆಯಲ್ಲಿ 42 ಡಿಗ್ರಿ ಕಾದರೂ ಈ ಲೆಕ್ಕಕ್ಕೆ ಅದು ಮಾಮೂಲಿ ದಿನ. ಮೈಯೊಳಗಿನ ರಕ್ತಕ್ಕೆ ವಾಡಿಕೆಯ ಸರಾಸರಿ ಗೊತ್ತಿಲ್ಲ.

ಆ 42 ಕೂಡ ನೆರಳಿನಲ್ಲಿಟ್ಟ ಮಾಪಕದ ಅಂಕಿ. ಕ್ರೀಡಾವಿಜ್ಞಾನಿಗಳು ಮೈದಾನಕ್ಕೆ ಬೇರೆ ಸೂಚ್ಯಂಕ ಬಳಸುತ್ತಾರೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಮಾಪಕಕ್ಕೆ 70 ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳಕ್ಕೆ 20, ಮೊಬೈಲಿನಲ್ಲಿ ಕಾಣುವ ಗಾಳಿಯ ಉಷ್ಣತೆಗೆ ಬರೀ 10. ನಮ್ಮ ಒಣಹವೆಯಲ್ಲಿ ಮೊದಲ ಅಂಕಿ ತಗ್ಗಿರುತ್ತದೆ ನಿಜ. ಆದರೆ ಅಲ್ಲೇ ಮೋಸವೂ ಇದೆ: ಬೆವರು ಬಂದಷ್ಟೇ ಬೇಗ ಆರುವುದರಿಂದ ಅಂಗಿ ಒಣಗಿಯೇ ಇರುತ್ತದೆ, ಮೈಯಿಂದ ಎಷ್ಟು ನೀರು ಹೋಯಿತೆಂದು ಹುಡುಗನಿಗೆ ತಿಳಿಯುವುದೇ ಇಲ್ಲ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಮೈ ಕಾವನ್ನು ಹೊರಹಾಕುವ ಬದಲು ಒಳಗೆಳೆದುಕೊಳ್ಳುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರದಕ್ಕಿಂತ ಹೆಚ್ಚು. ಹಾಗಾಗಿ ಅವರು ಬೇಗ ಕಾಯುತ್ತಾರೆ.

ಬಿಸಿಲು ದೊಡ್ಡವರನ್ನೂ ಬಿಟ್ಟಿಲ್ಲ. 1986ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ಟೈ ಆದ ಟೆಸ್ಟಿನಲ್ಲಿ 210 ರನ್ ಹೊಡೆದ ಆಸ್ಟ್ರೇಲಿಯಾದ ಡೀನ್ ಜೋನ್ಸ್ ಕೊನೆಗೆ ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಆತನಿಗೆ 25 ವರ್ಷ, ಪಳಗಿದ ದೇಹ, ಬೆನ್ನಿಗೆ ಇಡೀ ತಂಡದ ಸಿಬ್ಬಂದಿ. ಜಗತ್ತು ಅಂದಿಗಿಂತ ಈಗ ಬಿಸಿ. ದಾಖಲೆಗಳಲ್ಲೇ ಅತಿ ಬಿಸಿಯಾದ ವರ್ಷ 2024.

ಶ್ರೀಲಂಕಾದಲ್ಲಿ ಶಾಲಾ ಕ್ರಿಕೆಟ್ ಹಬ್ಬವಿದ್ದಂತೆ. ಕೊಲಂಬೊದ ರಾಯಲ್–ಥೋಮಿಯನ್ ಪಂದ್ಯ 19ನೇ ಶತಮಾನದಿಂದ ನಡೆದುಬಂದಿದೆ. ಅಂಥ ದೇಶದ ಶಿಕ್ಷಣ ಸಚಿವಾಲಯವೇ 2024ರಲ್ಲಿ ಬಿಸಿಲಿಗೆ ಹೆದರಿ ಹೊರಾಂಗಣ ಚಟುವಟಿಕೆ ತಗ್ಗಿಸಲು ಶಾಲೆಗಳಿಗೆ ಹೇಳಿತು. ಇಲ್ಲಿ ಹಾಗೆ ಆದೇಶ ಬಂದರೂ ಕೇಳುವವರಾರು? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಪಿ.ಇ. ಮಾಸ್ತರರಿಲ್ಲ, ಕುಡಿಯುವ ನೀರಿನ ನಲ್ಲಿಯೂ ಗೇಟಿನೊಳಗೆ. ಟೂರ್ನಿ ನಡೆಸುವವರು ಬಹುಮಾನದ ಮೊತ್ತವನ್ನು ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸುತ್ತಾರೆ, ಆಂಬುಲೆನ್ಸಿನ ನಂಬರು ಹಾಕಿಸುವುದಿಲ್ಲ. ಹೀಗೇ ಸಾಗಿದರೆ ಯಾವುದೋ ಒಂದು ಏಪ್ರಿಲ್‌ನಲ್ಲಿ, ಫೀಲ್ಡಿಂಗ್‌ಗೆ ನಿಂತ ಹೈಸ್ಕೂಲ್ ಹುಡುಗನೊಬ್ಬನ ಪ್ರಾಣ ಹೋಗುತ್ತದೆ. ಇದು ಅತಿಶಯದ ಮಾತಲ್ಲ.

ಆಟ ನಿಲ್ಲಿಸಿ ಎಂದರೆ ಯಾರೂ ಕೇಳರು, ಕೇಳಬೇಕಾದ್ದೂ ಇಲ್ಲ. ಹಡಗಲಿಯ ಮಲ್ಲಿಗೆ ಬೆಳೆಗಾರರು ಬಿಸಿಲೇರುವ ಮೊದಲೇ ಮೊಗ್ಗು ಬಿಡಿಸುತ್ತಾರೆ. ಟೂರ್ನಿಯೂ ಬೆಳಿಗ್ಗೆ 6ಕ್ಕೆ ಶುರುವಾಗಿ 10ಕ್ಕೆ ನಿಲ್ಲಲಿ, ಸಂಜೆ 5ರ ಮೇಲೆ ಮುಂದುವರಿಯಲಿ. ತಹಶೀಲ್ದಾರರು, ಗ್ರಾಮ ಪಂಚಾಯಿತಿಯವರು ಮೈದಾನಕ್ಕೆ ಅನುಮತಿ ಕೊಡುವಾಗ ಈ ಷರತ್ತನ್ನೂ ಬರೆಯಬಹುದು.

ಬಿಸಿಲಲ್ಲಿ ಓಡಿದ ಹುಡುಗ ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಕುಸಿದರೆ, ಅದು ಉಷ್ಣಾಘಾತವೆಂದೇ ಹಿಡಿಯಬೇಕು. ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಬೆವರುತ್ತಿದ್ದಾನೆ, ಏನೂ ಆಗಿಲ್ಲ ಎಂದು ಕೂರುವಂತಿಲ್ಲ. ಆಡುವವರಲ್ಲಿ ಬೆವರು ನಿಲ್ಲದೆಯೂ ಉಷ್ಣಾಘಾತವಾಗುತ್ತದೆ. ಫಿಟ್ಸ್ ಬಂತೆಂದು ಕೈಗೆ ಕಬ್ಬಿಣದ ಕೀಲಿ ಕೊಡುವುದು, ಎಚ್ಚರ ತಪ್ಪಿದವನ ಬಾಯಿಗೆ ನೀರು ಹೊಯ್ಯುವುದು ಬೇಡ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಅಂಗಿ ಬಿಚ್ಚಿ ತಲೆಯೊಂದನ್ನು ಮೇಲೆ ಹಿಡಿದು ತಣ್ಣೀರಿನ ತೊಟ್ಟಿಯಲ್ಲಿ ಇಳಿಸಿ. ತೊಟ್ಟಿ ಇಲ್ಲದಿದ್ದರೆ ಮೈಮೇಲೆ ಕೊಡಗಟ್ಟಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಹೆಚ್ಚಿನವರು ಬದುಕುತ್ತಾರೆ. ಎರಡು ಡ್ರಮ್ ನೀರು, ಒಂದು ಐಸ್ ಗಡ್ಡೆಯ ಖರ್ಚು ಟೂರ್ನಿಯ ಎಂಟ್ರಿ ಫೀಯಲ್ಲೇ ಹುಟ್ಟುತ್ತದೆ.