ಹಳೆಯ ವಿದ್ಯುತ್ ಟ್ರ್ಯಾಕ್ಟರಿಗೆ ಕಾಲುಪೆಡಲ್: ವೇಗನಿಯಂತ್ರಣದಲ್ಲಿ ವಹಿಸಬೇಕಾದ ಎಚ್ಚರ

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 1969ರ ಸುಮಾರಿಗೆ ಮಾರುಕಟ್ಟೆಗೆ ತಂದ ‘ಎಲೆಕ್-ಟ್ರ್ಯಾಕ್’ ಎಂಬ ವಿದ್ಯುತ್ ತೋಟದ ಟ್ರ್ಯಾಕ್ಟರುಗಳು ಅಲ್ಲಿನ ಆಸಕ್ತರ ಬಳಿ ಇಂದಿಗೂ ದುಡಿಯುತ್ತಿವೆ. ಇವುಗಳಿಗೆ ಆರು ವೋಲ್ಟಿನ ಆರು ಬ್ಯಾಟರಿಗಳಿಂದ ಒಟ್ಟು 36 ವೋಲ್ಟ್ ದೊರೆಯುತ್ತದೆ. ಕೈಯಿಂದ ಹಂತಹಂತವಾಗಿ ವೇಗ ಬದಲಿಸುವ ಮೂಲ ವ್ಯವಸ್ಥೆಯ ಬದಲು ಕಾಲುಪೆಡಲ್ ಜೋಡಿಸಲು ಅನೇಕರು ಬಯಸುತ್ತಾರೆ. ಬ್ಯಾಟರಿಚಾಲಿತ ಸಣ್ಣ ಯಂತ್ರಗಳನ್ನು ನಮ್ಮಲ್ಲಿ ಮಾರ್ಪಡಿಸುವ ರೈತರೂ ಇದರ ತತ್ತ್ವವನ್ನು ಅರಿಯುವುದು ಒಳಿತು.

ಇದರ ಮೋಟಾರಿನಲ್ಲಿ ತಿರುಗುವ ಆರ್ಮೇಚರ್ ಮತ್ತು ಕಾಂತಕ್ಷೇತ್ರ ಒದಗಿಸುವ ಫೀಲ್ಡ್ ಸುರುಳಿ ಪ್ರತ್ಯೇಕವಾಗಿ ವಿದ್ಯುತ್ ಪಡೆಯುತ್ತವೆ. ಮೂಲ ವ್ಯವಸ್ಥೆಯಲ್ಲಿ ಕಡಿಮೆ ವೇಗಕ್ಕೆ ಆರ್ಮೇಚರಿನ ದಾರಿಯಲ್ಲಿ ರೋಧಕವಿದ್ದು, ಅಲ್ಲಿ ವಿದ್ಯುತ್ತು ಶಾಖವಾಗಿ ವ್ಯರ್ಥವಾಗುತ್ತದೆ. ಹೆಚ್ಚಿನ ವೇಗಕ್ಕೆ ಫೀಲ್ಡನ್ನು ದುರ್ಬಲಗೊಳಿಸಲಾಗುತ್ತದೆ. ಫೀಲ್ಡ್ ದುರ್ಬಲವಾದಷ್ಟೂ ಮೋಟಾರು ವೇಗವಾಗಿ ತಿರುಗುತ್ತದೆಂಬುದು ಹಲವರಿಗೆ ಅಚ್ಚರಿಯೆನಿಸಬಹುದು, ಅಪಾಯವಿರುವುದೂ ಇಲ್ಲಿಯೇ. ಹೊರೆಯಿಲ್ಲದೆ ತಿರುಗುತ್ತಿರುವಾಗ ಫೀಲ್ಡ್ ತಂತಿ ಕಳಚಿದರೆ ಮೋಟಾರು ಅಂಕೆಮೀರಿ ತಿರುಗಿ ಒಡೆದುಹೋಗಬಹುದು.

ಆದ್ದರಿಂದ ಪೆಡಲನ್ನು ಫೀಲ್ಡಿಗೆ ನೇರವಾಗಿ ಜೋಡಿಸದಿರಿ. ಫೀಲ್ಡಿಗೆ ಪೂರ್ಣ ವಿದ್ಯುತ್ ನೀಡಿ, ಆರ್ಮೇಚರಿನ ವೋಲ್ಟೇಜನ್ನು ಮಾತ್ರ ಎಲೆಕ್ಟ್ರಾನಿಕ್ ನಿಯಂತ್ರಕದಿಂದ ಹೆಚ್ಚುಕಡಿಮೆ ಮಾಡಬೇಕು. ಫೀಲ್ಡಿನಲ್ಲಿ ವಿದ್ಯುತ್ ನಿಂತೊಡನೆ ಆರ್ಮೇಚರಿನ ಸಂಪರ್ಕವನ್ನೂ ಕಡಿಯುವ ರಿಲೇ ಕಡ್ಡಾಯ. ಚಾರ್ಜಿಂಗ್ ವೇಳೆ 36 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಳು ಸುಮಾರು 44 ವೋಲ್ಟ್ ತಲುಪುವುದರಿಂದ, ಅದನ್ನು ತಾಳುವ ನಿಯಂತ್ರಕವನ್ನೇ ಆರಿಸಿರಿ. ಅಗ್ಗಕ್ಕೆ ಸಿಗುವ ಇ-ರಿಕ್ಷಾ ನಿಯಂತ್ರಕಗಳು ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಇಲ್ಲದ ಮೋಟಾರುಗಳಿಗೆ ರೂಪಿಸಿದವು. ಇಲ್ಲಿ ಅವು ಉಪಯೋಗಕ್ಕೆ ಬಾರವು. ಪೆಡಲಿಗೆ ಕಾಲು ತೆಗೆದೊಡನೆ ಶೂನ್ಯಕ್ಕೆ ಮರಳಿಸುವ ಗಟ್ಟಿ ಸ್ಪ್ರಿಂಗ್ ಇರಬೇಕು. ಪೆಡಲಿನ ತಂತಿ ತುಂಡಾದರೆ ನಿಯಂತ್ರಕವು ತಾನೇ ನಿಲ್ಲುವಂತಿರಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

ಇಳಿಜಾರಿನ ವಿಷಯವನ್ನು ಬಹುತೇಕರು ಮರೆಯುತ್ತಾರೆ. ಮೂಲ ವ್ಯವಸ್ಥೆಯಲ್ಲಿ ಆರ್ಮೇಚರ್ ನೇರವಾಗಿ ಬ್ಯಾಟರಿಗೆ ಜೋಡಿಕೊಂಡಿರುವಾಗ, ಇಳಿಜಾರಿನಲ್ಲಿ ವೇಗ ಮಿತಿಮೀರಿದರೆ ಮೋಟಾರು ಜನರೇಟರಿನಂತೆ ವರ್ತಿಸಿ ಬಂಡಿಯನ್ನು ತಡೆಯುತ್ತದೆ. ಸರಳ ನಿಯಂತ್ರಕ ಅಳವಡಿಸಿದ ಬಳಿಕ ಪೆಡಲ್ ಬಿಟ್ಟರೆ ಈ ತಡೆ ಇರುವುದಿಲ್ಲ. ಯಂತ್ರ ತನ್ನ ಪಾಡಿಗೆ ಉರುಳುತ್ತದೆ. ಹೀಗಾಗಿ ಬ್ರೇಕನ್ನು ಮೊದಲು ದುರಸ್ತಿಪಡಿಸಿ, ಅನಂತರ ಪೆಡಲಿನ ಕೆಲಸಕ್ಕೆ ಕೈಹಾಕಿರಿ. ಹಿಂಚಕ್ರಗಳನ್ನು ಗಟ್ಟಿಯಾದ ಆಧಾರದ ಮೇಲೆ ಎತ್ತಿ ನಿಲ್ಲಿಸಿ ಮೊದಲ ಪರೀಕ್ಷೆ ನಡೆಸಿರಿ. ಆಗ ಪೆಡಲನ್ನು ಅರ್ಧ ಒತ್ತಿರುವಾಗಲೇ ಅದರ ತಂತಿಯನ್ನು ಕಳಚಿ, ಮೋಟಾರು ನಿಲ್ಲುವುದೇ ಎಂದು ನೋಡಿರಿ. ನಿಲ್ಲದಿದ್ದರೆ ಯಂತ್ರವನ್ನು ಆಧಾರದಿಂದ ಇಳಿಸಬಾರದು.