ಸಾಮಾಯಿಕದಲ್ಲಿ ಏಳುವ ಕೋಪ ಮತ್ತು ಇಂದಿನ ಮನೋಚಿಕಿತ್ಸೆ

ಸಾಮಾಯಿಕಕ್ಕೆ ಕುಳಿತ ಅನೇಕ ಶ್ರಾವಕರ ದೂರು ಒಂದೇ. ಕಣ್ಣು ಮುಚ್ಚಿದ ಕೂಡಲೇ ಬಾಕಿ ಕೊಡದ ಗಿರಾಕಿ, ಪಾಲಿನ ವಿಷಯದಲ್ಲಿ ಮಾತು ಬಿಟ್ಟ ತಮ್ಮ, ಎಲ್ಲರೂ ಎದುರಿಗೆ ಬಂದು ನಿಲ್ಲುತ್ತಾರೆ. 48 ನಿಮಿಷವೂ ಅವರೊಡನೆ ಜಗಳದಲ್ಲೇ ಮುಗಿಯುತ್ತದೆ. ತಮಗೆ ಧ್ಯಾನ ಬಾರದು ಎಂದು ಕೆಲವರು ಬಿಟ್ಟೇಬಿಡುತ್ತಾರೆ.

ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಜ್ 1980ರ ದಶಕದಲ್ಲಿ ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್’ ಎಂಬ ಮನೋಚಿಕಿತ್ಸೆಯನ್ನು ರೂಪಿಸಿದರು. ಅವರ ಬಳಿ ಬಂದವರು ‘ನನ್ನ ಒಂದು ಭಾಗ ಹೀಗೆನ್ನುತ್ತದೆ, ಇನ್ನೊಂದು ಹಾಗೆನ್ನುತ್ತದೆ’ ಎನ್ನುತ್ತಿದ್ದರು. ಆ ಮಾತನ್ನೇ ಅವರು ಹಿಡಿದುಕೊಂಡರು. ಈ ಪದ್ಧತಿಯಲ್ಲಿ ಮನಸ್ಸು ಒಂದು ಕೂಡು ಕುಟುಂಬ. ಹಳೆಯ ನೋವು ಹೊತ್ತು ಮೂಲೆ ಸೇರಿದ ಭಾಗಗಳಿವೆ. ಆ ನೋವು ಮೇಲೇಳದಂತೆ ಕಾವಲು ಕಾಯುವ ಭಾಗಗಳಿವೆ. ನೋವು ಎದ್ದೇಬಿಟ್ಟರೆ ಕುಡಿತವೋ ಸಿಟ್ಟೋ ಕೈಗೆ ಸಿಕ್ಕಿದ್ದರಿಂದ ಬೆಂಕಿ ಆರಿಸಲು ಓಡುವವೂ ಇವೆ. ಇವೆಲ್ಲವನ್ನೂ ಶಾಂತವಾಗಿ, ಕರುಣೆಯಿಂದ ನೋಡಬಲ್ಲದ್ದು ‘ಸೆಲ್ಫ್’. ‘ನಾನು ಕೋಪಿಷ್ಠ’ ಎನ್ನುವ ಬದಲು ‘ನನ್ನೊಳಗಿನ ಒಂದು ಭಾಗಕ್ಕೆ ಕೋಪ ಬಂದಿದೆ’ ಎಂದು ಗುರುತಿಸುವುದರಿಂದ ಚಿಕಿತ್ಸೆ ಆರಂಭ.

ಜೈನರಿಗೆ ಇದು ಹೊಸ ಮಾತೇನಲ್ಲ. ಆತ್ಮ ಜ್ಞಾತಾ, ದ್ರಷ್ಟಾ. ಕ್ರೋಧ, ಮಾನ, ಮಾಯಾ, ಲೋಭಗಳು ಮೋಹನೀಯ ಕರ್ಮದ ಉದಯದಿಂದ ಏಳುವಂಥವು, ಆತ್ಮದ ಸ್ವಭಾವವಲ್ಲ. ಕುಂದಕುಂದಾಚಾರ್ಯರ ಸಮಯಸಾರ ಹೇಳುವ ಭೇದವಿಜ್ಞಾನ ಇದೇ. ಆಚಾರ್ಯ ಮಹಾಪ್ರಜ್ಞರ ಪ್ರೇಕ್ಷಾಧ್ಯಾನದ ಹೆಸರಿನಲ್ಲೇ ನೋಡುವುದು ಎಂಬ ಅರ್ಥವಿದೆ.

ಒತ್ತಿ ಹಿಡಿದ ಕೋಪದ ಬಗ್ಗೆಯಂತೂ ನಮ್ಮ ಗುಣಸ್ಥಾನ ವಿಚಾರ ಬಹಳ ಸ್ಪಷ್ಟ. ಕಷಾಯಗಳನ್ನು ಉಪಶಮ ಮಾಡುತ್ತಾ ಏರಿದ ಮುನಿಯೂ 11ನೆಯ ಗುಣಸ್ಥಾನದಿಂದ ಕೆಳಗಿಳಿಯಲೇಬೇಕು. ತಳದಲ್ಲಿ ಕೂತ ಕೆಸರು ಕಲಕಿದರೆ ನೀರು ಮತ್ತೆ ರಾಡಿ. ಕ್ಷಯ ಮಾಡುತ್ತಾ ಏರಿದವರು ಮಾತ್ರ 10ರಿಂದ ನೇರ 12ಕ್ಕೆ ಹೋಗುತ್ತಾರೆ. ಮುನಿಗಳ ಗತಿಯೇ ಹೀಗಿರುವಾಗ, ಅಂಗಡಿ ಬಾಗಿಲು ಹಾಕಿ ಬಂದ ಗೃಹಸ್ಥ ಹಲ್ಲು ಕಚ್ಚಿ ಕುಳಿತರೆ ಕೋಪ ಹೋದೀತೇ? ಬಂದ ಕೋಪವನ್ನು ಬೈಯದೆ, ಅದರ ಬೆನ್ನು ಹತ್ತದೆ, ಅದು ಯಾವ ನೋವನ್ನು ಕಾಯುತ್ತಿದೆ ಎಂದು ನೋಡಬಹುದು.

ಎರಡನ್ನೂ ಒಂದೇ ಎನ್ನಲಾಗದು. ಆ ಚಿಕಿತ್ಸೆಯಲ್ಲಿ ಯಾವ ಭಾಗವೂ ಕೆಟ್ಟದ್ದಲ್ಲ, ಎಲ್ಲವೂ ಮನೆಯಲ್ಲೇ ಉಳಿಯಬೇಕು. ಜೈನ ಮಾರ್ಗದಲ್ಲಿ ಕಷಾಯ ಕೊನೆಗೆ ಕ್ಷಯವಾಗಲೇಬೇಕು. ಅಲ್ಲಿನ ಗುರಿ ಈ ಜನ್ಮದ ನೆಮ್ಮದಿ, ಇಲ್ಲಿನದು ಕರ್ಮನಿರ್ಜರೆ.

ಕುಳಿತಾಗಲೆಲ್ಲ ಹಳೆಯ ಆಘಾತ ಮರುಕಳಿಸಿ ನಿದ್ದೆ, ಊಟ ಕೆಡುತ್ತಿದ್ದರೆ ಮಾತ್ರ ಒಬ್ಬರೇ ಹೆಣಗಬಾರದು. ತರಬೇತಾದ ಚಿಕಿತ್ಸಕರನ್ನು ಕಾಣಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ಸಾಮಾಯಿಕದ ನೆಪದಲ್ಲಿ ನಿಲ್ಲಿಸಬಾರದು.