ಎಲೆ ಎತ್ತುವ ಯಂತ್ರಕ್ಕೆ ಮೊದಲು ಎಲೆಗೊಂದು ಜಾಗ ಬೇಕು

ಮಾಘ ಕಳೆದು ಫಾಲ್ಗುಣ ಬಂತೆಂದರೆ ಮುಂಬಯಿ, ಠಾಣೆ, ನವಿಮುಂಬಯಿ, ಪುಣೆಯ ಹೌಸಿಂಗ್ ಸೊಸೈಟಿಗಳ ಆವರಣಗಳಲ್ಲಿ ತರಗೆಲೆಯ ರಾಶಿ ಏಳತೊಡಗುತ್ತದೆ. ಮಳೆಮರ, ಅಶ್ವತ್ಥ, ಕಾಡುಬಾದಾಮಿ ಒಂದಾದ ಮೇಲೊಂದು ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿದ ಜಾಗ ಮಧ್ಯಾಹ್ನಕ್ಕೆ ಮತ್ತೆ ತುಂಬಿರುತ್ತದೆ. ಗುಡಿಸುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಕೊನೆಗೆ ಕಂಪೌಂಡಿನ ಮೂಲೆಯಲ್ಲಿ ಬೆಂಕಿಕಡ್ಡಿ ಗೀರಿ ಕೆಲಸ ಮುಗಿಸುವ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಆ ಹೊಗೆ ಮೊದಲು ನುಗ್ಗುವುದು ಕೆಳಮಹಡಿಯಲ್ಲಿರುವ ದಮ್ಮಿನ ರೋಗಿಯ ಮನೆಗೆ.

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೋಗಿ ಬಂದ ನಮ್ಮ ಹಿರಿಯರಲ್ಲಿ ಹಲವರು ಅಲ್ಲಿ ಒಂದು ಯಂತ್ರವನ್ನು ಕಂಡಿರುತ್ತಾರೆ. ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರಿನ ಹಿಂದೆ ಗಾಡಿಯಂತೆ ಕಟ್ಟಿ ಎಳೆದೊಯ್ಯುವ, ದಾರಿಯುದ್ದಕ್ಕೂ ಎಲೆಯನ್ನು ಹೀರಿಕೊಳ್ಳುವ ಯಂತ್ರವದು. ಇಂಥದೊಂದನ್ನು ನಮ್ಮ ಸೊಸೈಟಿಗೂ, ಸಂಘದ ಆವರಣಕ್ಕೂ ತರಬಾರದೇಕೆ ಎಂಬ ಮಾತು ಸಹಜವಾಗಿಯೇ ಬರುತ್ತದೆ. ಹಣ ಕೂಡಿಸುವ ಮುನ್ನ ಆ ಯಂತ್ರದ ಗುಣವನ್ನೂ ಅದು ಬೇಡುವ ಸೇವೆಯನ್ನೂ ತಿಳಿದುಕೊಳ್ಳುವುದು ಒಳಿತು.

ಯಂತ್ರ ಕೆಲಸ ಮಾಡುವ ಬಗೆ

ಇದರ ರಚನೆ ಸರಳ. ಟ್ರ್ಯಾಕ್ಟರಿನ ಹೊಟ್ಟೆಯಡಿ ಹುಲ್ಲು ಕತ್ತರಿಸುವ ಅಲಗುಗಳು ತಿರುಗುವಾಗ ನೆಲದ ಎಲೆಯೂ ಮೇಲೆದ್ದು ಪಕ್ಕದ ಬಾಯಿಗೆ ಬರುತ್ತದೆ. ಅಲ್ಲಿಂದ ದಪ್ಪ ಕೊಳವೆಯೊಂದು ಅದನ್ನು ಹಿಂದಿನ ಗಾಡಿಯತ್ತ ಒಯ್ಯುತ್ತದೆ. ಗಾಡಿಯ ಮುಂಭಾಗದಲ್ಲಿರುವ ಪೆಟ್ರೋಲ್ ಎಂಜಿನ್ ಉಕ್ಕಿನ ರೆಕ್ಕೆಯ ಚಕ್ರವೊಂದನ್ನು ವೇಗವಾಗಿ ತಿರುಗಿಸುತ್ತದೆ. ಎಲೆಯನ್ನು ಹೀರುವುದೂ ಪುಡಿ ಮಾಡುವುದೂ ಅದೇ ಚಕ್ರ. ಪುಡಿಯಾದ ಎಲೆ ಮುಚ್ಚಿದ ಗಾಡಿಯಲ್ಲಿ ತುಂಬುತ್ತದೆ. ಹತ್ತು ಚೀಲದ ಎಲೆ ಒಂದೇ ಚೀಲಕ್ಕೆ ಇಳಿಯುತ್ತದೆಂದು ತಯಾರಕರು ಹೇಳಿಕೊಳ್ಳುವುದುಂಟು. ಎಲೆಯ ಜಾತಿ ಮತ್ತು ತೇವವನ್ನು ನೋಡಿಕೊಂಡು ಈ ಲೆಕ್ಕವನ್ನು ಸ್ವಲ್ಪ ಕಡಿಮೆ ಮಾಡಿಯೇ ನಂಬಬೇಕು.

ಅರ್ಧ ಎಕರೆ, ಒಂದು ಎಕರೆಯ ಹುಲ್ಲುಹಾಸಿನ ನಡುವೆ ಮನೆಯಿರುವ, ಕೂಲಿ ದುಬಾರಿಯಾದ, ಮನೆಯವರೇ ಎಲೆ ತೆಗೆಯಬೇಕಾದ ಊರುಗಳಿಗಾಗಿ ಹುಟ್ಟಿದ ಯಂತ್ರ ಇದು. ಬೆಲೆ ಸಾವಿರಾರು ಡಾಲರ್. ಎಳೆಯಲು ಟ್ರ್ಯಾಕ್ಟರ್ ಬೇರೆ, ಎರಡನ್ನೂ ನಿಲ್ಲಿಸಲು ಮಾಡು ಬೇರೆ.

ಕೊಳ್ಳುವುದು ಒಂದು ದಿನ, ಸಾಕುವುದು ವರ್ಷವಿಡೀ

ವರ್ಷದಲ್ಲಿ ಎರಡು ತಿಂಗಳು ದುಡಿದು ಹತ್ತು ತಿಂಗಳು ಮಲಗುವ ಯಂತ್ರ ದುಡಿಮೆಗಿಂತ ಹೆಚ್ಚಾಗಿ ಮಲಗಿದಲ್ಲೇ ಕೆಡುತ್ತದೆ. ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ತಿಂಗಳೊಪ್ಪತ್ತಿನಲ್ಲಿ ಹಳಸಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಅಂಟಿನಂತೆ ಮುಚ್ಚುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. 2025ರಲ್ಲಿ ಶೇ. 20 ಎಥನಾಲ್ ಮಿಶ್ರಣದ ಗುರಿ ತಲುಪಿದ ಮೇಲೆ ಪಂಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆ ಪೆಟ್ರೋಲೇ. ಅಮೆರಿಕದ ಸಣ್ಣ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ತಯಾರಕರು ಒಪ್ಪುವುದು ಶೇ. 10 ಎಥನಾಲ್‌ವರೆಗೆ ಮಾತ್ರ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅದಕ್ಕೆಂದು ಮಾಡಿರದ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಆದ್ದರಿಂದ ಹೊರದೇಶದ ಯಂತ್ರ ತರಿಸುವವರು ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಬೇಕು. ಹಂಗಾಮು ಮುಗಿದ ಕೂಡಲೇ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡುವುದು ಕ್ಷೇಮ.

ಎಂಜಿನ್ ಆಯಿಲ್ ವಿಚಾರದಲ್ಲೂ ಉದಾಸೀನ ಸಲ್ಲದು. ಹಲವು ಮಾದರಿಗಳಲ್ಲಿ ಹೊಸ ಎಂಜಿನ್ನಿನ ಮೊದಲ ಆಯಿಲನ್ನು 5 ಗಂಟೆಯ ದುಡಿಮೆಯಾದೊಡನೆ, ಆಮೇಲೆ ಸುಮಾರು 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕು. ಒಣ ಎಲೆಯೊಂದಿಗೆ ಏಳುವ ಧೂಳು ಏರ್ ಫಿಲ್ಟರನ್ನು ಬಹುಬೇಗ ಕಟ್ಟುವುದರಿಂದ ಕೆಲಸದ ದಿನಗಳಲ್ಲಿ ಅದನ್ನು ದಿನಾ ತೆಗೆದು ನೋಡಬೇಕು. ಕೊಳವೆಯಲ್ಲಿ ಸಣ್ಣ ಹರುಕಿದ್ದರೂ ಹೀರುವ ಬಲ ಇಳಿಯುತ್ತದೆ. ಟೈರಿನ ಗಾಳಿ, ಗಾಡಿಯನ್ನು ಟ್ರ್ಯಾಕ್ಟರಿಗೆ ಸೇರಿಸುವ ಪಿನ್, ಸಡಿಲವಾದ ನಟ್ಟು ಬೋಲ್ಟುಗಳನ್ನು ಪ್ರತಿಸಲ ಪರೀಕ್ಷಿಸಬೇಕು. ಯಂತ್ರ ಇದ್ದಕ್ಕಿದ್ದಂತೆ ನಡುಗಲು ತೊಡಗಿದರೆ ರೆಕ್ಕೆಯ ಚಕ್ರಕ್ಕೆ ಕಲ್ಲೋ ಕಬ್ಬಿಣದ ತುಂಡೋ ಬಡಿದಿದೆಯೆಂದು ತಿಳಿದು ತಕ್ಷಣ ನಿಲ್ಲಿಸಬೇಕು. ಗಾಡಿಯಲ್ಲಿ ಎಲೆಪುಡಿಯನ್ನು ರಾತ್ರಿಯಿಡೀ ಬಿಡುವುದೂ ಸರಿಯಲ್ಲ. ತೇವದ ಪುಡಿ ಬಿಸಿಯಾಗಿ ಹುಳಿತು ತಗಡನ್ನು ತುಕ್ಕು ಹಿಡಿಸುತ್ತದೆ.

ಬೆರಳಿನ ಮಾತು

ಎಲ್ಲಕ್ಕಿಂತ ಮುಖ್ಯವಾದುದು ಸುರಕ್ಷತೆ. ಒದ್ದೆ ಎಲೆ ಕೊಳವೆಯಲ್ಲಿ ಸಿಕ್ಕಿಕೊಂಡಾಗ ಕೈಹಾಕಿ ಎಳೆಯುವ ಆಸೆ ಬರುತ್ತದೆ. ಎಂಜಿನ್ ನಿಲ್ಲಿಸಿದರಷ್ಟೇ ಸಾಲದು. ಚಕ್ರ ಪೂರ್ತಿ ನಿಂತಿತೆಂದು ಖಾತ್ರಿಯಾಗಬೇಕು, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿರಬೇಕು, ಆಮೇಲೂ ಕೈಯ ಬದಲು ಕೋಲು ಹಾಕಬೇಕು. ಬಿಸಿಯಾದ ಸೈಲೆನ್ಸರಿನ ಮೇಲೆ ಒಣ ಎಲೆ ಕೂತರೆ ಕಿಡಿ ಹತ್ತಬಹುದು. ಎಂಜಿನ್ ತಣಿಯದೆ ಪೆಟ್ರೋಲ್ ಹಾಕಲೇಬಾರದು. ಯಂತ್ರ ನಡೆಸುವಾತನಿಗೆ ಕನ್ನಡಕ, ಮುಖಗವಸು, ಕಿವಿಗೆ ರಕ್ಷಣೆ ಕೊಡಿಸುವುದು ಸೊಸೈಟಿಯ ಕರ್ತವ್ಯ. ಗುತ್ತಿಗೆಯ ಮೇಲೆ ಬರುವ ಸಫಾಯಿ ಕೆಲಸಗಾರ ತನಗಾಗಿ ಇದನ್ನೆಲ್ಲ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅವನ ಪರವಾಗಿ ಕೇಳಬೇಕಾದವರು ನಾವು.

ನಮ್ಮ ಆವರಣಕ್ಕೆ ಹೊಂದುವುದೇ?

ಮಹಾನಗರದ ಬಹುಪಾಲು ಸೊಸೈಟಿಗಳಿಗೆ ಈ ಎಳೆಯುವ ಯಂತ್ರ ಹೊಂದುವುದಿಲ್ಲ ಎಂದೇ ಹೇಳಬೇಕು. ನಮ್ಮಲ್ಲಿರುವುದು ಹುಲ್ಲುಹಾಸಲ್ಲ, ಪೇವರ್ ಕಲ್ಲು ಹಾಸಿದ ಅಂಗಳ ಮತ್ತು ಕಾರುಗಳ ಸಾಲು. ಗಾಡಿ ತಿರುಗಿಸಲು ತಾವಿಲ್ಲ. ನಮ್ಮ ಎಲೆರಾಶಿಯಲ್ಲಿ ಎಲೆಯೊಂದೇ ಇರುವುದೂ ಇಲ್ಲ. ಗುಟ್ಖಾ ಚೀಟಿ, ಹಾಲಿನ ಪೊಟ್ಟಣ, ತಂತಿ, ಜಲ್ಲಿಕಲ್ಲು ಎಲ್ಲವೂ ಸೇರಿರುತ್ತವೆ. ಅವು ಯಂತ್ರವನ್ನೂ ಕೆಡಿಸುತ್ತವೆ, ಪುಡಿಯನ್ನೂ ಕೆಡಿಸುತ್ತವೆ. ವಿಶಾಲ ಮೈದಾನವಿರುವ ಶಿಕ್ಷಣ ಸಂಸ್ಥೆಗಳಿಗೆ, ಸ್ವಂತ ಟ್ರ್ಯಾಕ್ಟರ್ ಇರುವ ತೋಟದ ಮನೆಗಳಿಗೆ ಇದು ಒದಗೀತು.

ಉಳಿದವರಿಗೆ ಹಿಡಿಸೂಡಿಯೇ ಸಾಕು. ಜೊತೆಗೆ ಎಲೆ ಪುಡಿ ಮಾಡುವ ವಿದ್ಯುತ್ ಶ್ರೆಡ್ಡರ್ ಒಂದಿದ್ದರೆ ಕೆಲಸ ಹಗುರ. ಊರಿನ ಅಡಿಕೆ, ತೆಂಗಿನ ತೋಟಗಳಲ್ಲಿ ಸೋಗೆ, ಗರಿ ಪುಡಿ ಮಾಡುವ ಶ್ರೆಡ್ಡರುಗಳನ್ನು ನಮ್ಮಲ್ಲಿ ಅನೇಕರು ನೋಡಿಯೇ ಇದ್ದೇವೆ. ಅದರ ಚಿಕ್ಕ ತಮ್ಮನಷ್ಟೇ ಇದು. ಪೆಟ್ರೋಲಿನ ತಲೆನೋವಿಲ್ಲ, ಅಲಗು ಸಾಣೆ ಹಿಡಿಸಿ, ಬೆಲ್ಟ್ ನೋಡಿಕೊಂಡರಾಯಿತು. ಅಕ್ಕಪಕ್ಕದ ನಾಲ್ಕೈದು ಸೊಸೈಟಿಗಳು ಕೂಡಿ ಒಂದನ್ನು ಕೊಂಡು ಸರದಿಯಂತೆ ಬಳಸಿದರೆ ಖರ್ಚೂ ಹಂಚಿಹೋಗುತ್ತದೆ. ಆದರೆ ಜವಾಬ್ದಾರಿ ಹಂಚಿಹೋಗಬಾರದು. ಬಳಸಿದ ಗಂಟೆ, ಮಾಡಿಸಿದ ರಿಪೇರಿ ಬರೆದಿಡಲು ಒಂದು ಪುಸ್ತಕ, ಅದನ್ನು ನೋಡಿಕೊಳ್ಳಲು ಹೆಸರು ಹೇಳಿ ನೇಮಿಸಿದ ಒಬ್ಬ ವ್ಯಕ್ತಿ ಇರಲೇಬೇಕು.

ಪುಡಿಯಾದ ಎಲೆ ಎಲ್ಲಿಗೆ?

ಎಷ್ಟೇ ಬೆಲೆಯ ಯಂತ್ರವಾದರೂ ಅದು ಎಲೆಯನ್ನು ಇಲ್ಲಿಂದ ಎತ್ತಿ ಅಲ್ಲಿ ಹಾಕುತ್ತದೆ, ಅಷ್ಟೇ. 'ಅಲ್ಲಿ' ಎಂಬುದು ಎಲ್ಲಿ ಎಂದು ಮೊದಲೇ ತೀರ್ಮಾನವಾಗದಿದ್ದರೆ ಅದು ಮತ್ತೆ ಬೆಂಕಿಯ ಮೂಲೆಯೇ ಆಗುತ್ತದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಕಸದ ಮೊಕದ್ದಮೆ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಯಿತು. ಅದರಲ್ಲಿ 2016ರ ಡಿಸೆಂಬರ್ 22ರಂದು ಬಂದ ಆದೇಶವು ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯವಾಗಿ ಸುಟ್ಟರೆ 5,000 ರೂ., ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ಪರಿಹಾರಧನ ವಿಧಿಸಿತು. ತೋಟದ ಕಸವನ್ನು ಬೇರೆಯಾಗಿಯೇ ಇಡಬೇಕೆಂದು ಅದೇ ವರ್ಷದ ಘನತ್ಯಾಜ್ಯ ನಿಯಮಗಳೂ ಹೇಳಿದ್ದವು.

ದಂಡದ ಭಯಕ್ಕಿಂತ ಲಾಭದ ಮಾತು ಮೇಲು. ಒಣ ಎಲೆಯೊಂದನ್ನೇ ಗುಡ್ಡೆ ಹಾಕಿದರೆ ಕೊಳೆಯಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಪುಡಿ ಮಾಡಿ, ಮೂರು ಪಾಲು ಎಲೆಗೆ ಒಂದು ಪಾಲು ಅಡುಗೆಮನೆಯ ಹಸಿಕಸ ಬೆರೆಸಿ, ಸ್ವಲ್ಪ ಸಗಣಿನೀರು ಚಿಮುಕಿಸಿ, ವಾರಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಹಿಡಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಫಾಲ್ಗುಣದಲ್ಲಿ ಹಾಕಿದ್ದು ಮಳೆಗಾಲದ ಗಿಡ ನೆಡುವ ಹೊತ್ತಿಗೆ ಕೈಗೆ ಬರುತ್ತದೆ. ಹಸಿಕಸದ ದುರ್ವಾಸನೆ ತಗ್ಗಿಸಲು ಒಣ ಎಲೆಗಿಂತ ಅಗ್ಗದ ಮದ್ದಿಲ್ಲ. ಮಿಕ್ಕ ಪುಡಿಯನ್ನು ಮರದ ಬುಡಕ್ಕೆ ಹೊದಿಸಿದರೆ ಬೇಸಗೆಯಲ್ಲಿ ನೀರಿನ ಉಳಿತಾಯ.

ಇದೇನೂ ನಮಗೆ ಹೊಸ ವಿದ್ಯೆಯಲ್ಲ. ಗುಡ್ಡದಿಂದ ತರಗೆಲೆ ಗುಡಿಸಿ ಹೆಡಿಗೆಯಲ್ಲಿ ಹೊತ್ತು ತಂದು ಹಟ್ಟಿಗೆ ಹಾಸಿ, ಆ ಗೊಬ್ಬರದಲ್ಲಿ ಗದ್ದೆ ತೋಟ ಬೆಳೆದವರ ಮಕ್ಕಳು ನಾವು. ಉತ್ತರ ಕನ್ನಡದವರು 'ದರಕು' ಎಂದು ಕರೆಯುವ ಈ ಎಲೆಗೆ ಊರಿನಲ್ಲಿ ಬೆಲೆಯಿತ್ತು, ಪೇಟೆಗೆ ಬಂದ ಮೇಲೆ ಅದು ಕಸವಾಯಿತು.

ಸೊಸೈಟಿಗಳ ಕಮಿಟಿಯಲ್ಲಿ, ಸಂಘ ಸಂಸ್ಥೆಗಳ ಪದಾಧಿಕಾರಿಗಳ ಸ್ಥಾನದಲ್ಲಿ ದುಡಿಯುತ್ತಿರುವ ಕನ್ನಡಿಗರು ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತಲಿ. ಕಂಪೌಂಡಿನ ಒಂದು ಮೂಲೆಯಲ್ಲಿ ಹತ್ತಡಿ ಉದ್ದ, ನಾಲ್ಕಡಿ ಅಗಲದ ಜಾಲರಿಯ ಗೂಡು ಕಟ್ಟಿಸಲು ಮೊದಲು ಠರಾವು ಆಗಲಿ. ಒಂದು ಹಂಗಾಮು ಹಿಡಿಸೂಡಿಯಲ್ಲೇ ಅದನ್ನು ತುಂಬಿ ನೋಡಲಿ. ಯಂತ್ರ ಬೇಕೋ ಬೇಡವೋ, ಬೇಕಾದರೆ ಎಷ್ಟು ದೊಡ್ಡದು ಎಂಬುದಕ್ಕೆ ಆ ಗೂಡೇ ಉತ್ತರ ಹೇಳುತ್ತದೆ.